ಪಾಠ ಮೂರೂ ಇರಲಿ, ಪ್ರಕಟಣೆ ಕಡಿಮೆ ಮಾಡೋಣ

"ಭಾನುವಾರದ ಆರಾಧನೆಯಲ್ಲಿ ಮೂರು ಮೂರು ಪಾಠ ಯಾಕೆ? ಒಂದು ಒಳ್ಳೆ ವಾಕ್ಯ ಓದಿ ಪ್ರಸಂಗ ಮಾಡಿದರೆ ಸಾಲದೇ? ಹುಡುಗರು ಬೇಜಾರಾಗಿ ಹೊರಗೆ ಬೈಕ್ ಹತ್ತಿರ ನಿಂತಿರುತ್ತಾರೆ" ಅಂತ ಹುಬ್ಬಳ್ಳಿ ಕಡೆಯ ಓದುಗರೊಬ್ಬರು ಬರೆದಿದ್ದಾರೆ. ಪಾಠ ಅಂದರೆ ಆರಾಧನೆಯಲ್ಲಿ ಬೈಬಲಿನಿಂದ ಗಟ್ಟಿಯಾಗಿ ಓದುವ ಭಾಗ.

ಪತ್ರಕ್ಕೆ ವಂದನೆ, ಸಹೋದರರೇ. ನಿಮ್ಮ ಕಷ್ಟ ಸುಳ್ಳಲ್ಲ. ಓದುವವರು ಅಲ್ಲೇ ಪುಟ ಹುಡುಕುತ್ತಾರೆ, ಹೆಸರುಗಳ ಹತ್ತಿರ ತಡವರಿಸುತ್ತಾರೆ, ಮೈಕ್ ಒಂದು ಕಡೆ, ಬಾಯಿ ಒಂದು ಕಡೆ. ಒಪ್ಪಿದೆ. ಆದರೆ ಆ ಒಂದು ಒಳ್ಳೆ ವಾಕ್ಯ ಅಂದಿರಲ್ಲ, ನನ್ನ ತಕರಾರು ಅದರ ಮೇಲೇ.

ಹೊಸ ವರ್ಷದ ವಾಗ್ದಾನದ ಕಾರ್ಡು ನಿಮ್ಮ ಮನೆಯಲ್ಲೂ ಇರಬೇಕು. ಯೆರೆಮೀಯ 29:11. ನಿಮಗೆ ಒಳ್ಳೆಯದನ್ನೇ ಯೋಚಿಸಿದ್ದೇನೆ, ಭವಿಷ್ಯ ಇದೆ, ನಿರೀಕ್ಷೆ ಇದೆ ಅಂತ ದೇವರು ಹೇಳುವ ಮಾತು. ಸುತ್ತ ಗುಲಾಬಿ ಹೂವು. ಇದೊಂದು ಕಾಗದದ ಮಧ್ಯದ ಸಾಲು ಅನ್ನೋದು ಎಷ್ಟು ಜನಕ್ಕೆ ಗೊತ್ತು? ಬಾಬೆಲಿಗೆ ಸೆರೆಯಾಗಿ ಹೋದ ಯೆಹೂದ್ಯರಿಗೆ ಪ್ರವಾದಿ ಯೆರೆಮೀಯ ಯೆರೂಸಲೇಮಿನಿಂದ ಕಳಿಸಿದ ಕಾಗದ ಅದು. ಮನೆ ಕಟ್ಟಿಕೊಳ್ಳಿ, ತೋಟ ಮಾಡಿ, ಮಕ್ಕಳಿಗೆ ಮದುವೆ ಮಾಡಿ, ನಿಮ್ಮನ್ನು ಹಿಡಿದು ತಂದ ಆ ಊರಿಗೋಸ್ಕರವೇ ಪ್ರಾರ್ಥನೆ ಮಾಡಿ ಅಂತ ಬರೆದಿದ್ದಾನೆ. ಹತ್ತನೇ ವಾಕ್ಯ ನೋಡಿ: ಎಪ್ಪತ್ತು ವರ್ಷ ತುಂಬಿದ ಮೇಲೆ ವಾಪಸ್ ಕರೆತರುತ್ತೇನೆ. ಎಪ್ಪತ್ತು!

ಒಂದು ಹಳ್ಳಿಯ ಸಭೆಯಲ್ಲಿ ಈ ಅಧ್ಯಾಯವನ್ನು ಪೂರ್ತಿ ಓದಿಸಿದೆ. ಓದು ಬಾರದ ಒಬ್ಬ ಅಜ್ಜಿ ಬಾಗಿಲ ಹತ್ತಿರ ನನ್ನ ಕೈ ಹಿಡಿದು, "ಅಂದ್ರೆ ಅಯ್ಯನವರೇ, ಆ ಕಾಗದ ಕೇಳಿದ ಮುದುಕರು ಊರು ನೋಡಲೇ ಇಲ್ವಾ?" ಅಂದರು. ಕಾರ್ಡು ಹಂಚಿದ ಯಾವ ವರ್ಷವೂ ಯಾರೂ ನನ್ನನ್ನು ಹೀಗೆ ಕೇಳಿರಲಿಲ್ಲ.

ಫಿಲಿಪ್ಪಿ 4:13ರ ಕಥೆಯೂ ಇದೇ. 'ಎಲ್ಲಕ್ಕೂ ಶಕ್ತನಾಗಿದ್ದೇನೆ' ಅನ್ನೋದು ಪರೀಕ್ಷೆ ಹತ್ತಿರ ಬಂದಾಗ ಸ್ಟೇಟಸ್ಸಿಗೆ ಏರುತ್ತದೆ. ಬರೆದ ಅಪೊಸ್ತಲ ಪೌಲ ಸೆರೆಯಲ್ಲಿದ್ದ, ಹಿಂದಿನ ವಾಕ್ಯದಲ್ಲೇ ಹಸಿವಿನ ಮಾತಿದೆ. ಇನ್ನು 88ನೇ ಕೀರ್ತನೆ ಕತ್ತಲೆಯಲ್ಲೇ ಮುಗಿಯುತ್ತದೆ. ಅದನ್ನು ಯಾವ ಕ್ಯಾಲೆಂಡರಿನವರು ಹಾಕ್ತಾರೆ? ಆದರೆ ಮಗುವನ್ನು ಮಣ್ಣು ಮಾಡಿ ಬಂದ ತಾಯಿಗೆ ಬೇಕಾಗಿರೋದು ಅದೇ.

ಅಸಲಿಗೆ ಈ ವಾಕ್ಯದ ನಂಬರುಗಳು ಬೈಬಲ್ ಬರೆದವರು ಹಾಕಿದ್ದಲ್ಲ. ಇವತ್ತಿನ ಅಧ್ಯಾಯಗಳ ವಿಂಗಡಣೆ 13ನೇ ಶತಮಾನದ ಇಂಗ್ಲೆಂಡಿನ ಆರ್ಚ್‌ಬಿಷಪ್ ಸ್ಟೀಫನ್ ಲ್ಯಾಂಗ್ಟನ್ ಹೆಸರಿನಲ್ಲಿದೆ. ಹೊಸ ಒಡಂಬಡಿಕೆಯ ವಾಕ್ಯಗಳಿಗೆ ನಂಬರು ಕೊಟ್ಟಿದ್ದು 1551ರಲ್ಲಿ, ರೋಬೆರ್ ಎಸ್ತಿಯೆನ್ ಅನ್ನುವ ಫ್ರೆಂಚ್ ಮುದ್ರಕ. ಹುಡುಕೋಕೆ ಅನುಕೂಲವಾಗಲಿ ಅಂತ ಹಾಕಿದ ಗುರುತು ನಮಗೆ ಕತ್ತರಿ ಆಡಿಸೋಕೆ ಗುರುತಾಯಿತು.

ಶಾಸ್ತ್ರಿ ಎಜ್ರ ಮೋಶೆಯ ಧರ್ಮಶಾಸ್ತ್ರವನ್ನು ಜನರಿಗೆ ಓದಿದ್ದು ಹೇಗೆ? ನೆಹೆಮೀಯ 8 ತೆಗೆಯಿರಿ. ಯೆರೂಸಲೇಮಿನ ನೀರುಬಾಗಲ ಮುಂದಿನ ಬಯಲಲ್ಲಿ, ಬೆಳಗಿನಿಂದ ಮಧ್ಯಾಹ್ನದವರೆಗೆ. ಅರ್ಥ ಹೇಳೋಕೆ ದೇವಾಲಯದ ಸೇವೆಯ ಲೇವಿಯರಿದ್ದರು, ನಿಜ, ಆದರೆ ಓದು ಓದೇ. ಜನ ಅತ್ತರು. ಪೌಲನ ಪತ್ರಗಳೂ ಸಭೆಯಲ್ಲಿ ಗಟ್ಟಿಯಾಗಿ ಓದೋಕೆ ಬರೆದವು, ಕೊಲೊಸ್ಸೆಯ ಸಭೆಗೆ ಬರೆದದ್ದನ್ನು ಲವೊದಿಕೀಯದ ಸಭೆಯಲ್ಲೂ ಓದಿಸಿ ಅಂತ ಅವನೇ ಹೇಳಿದ್ದಾನೆ. ಅಂದಹಾಗೆ, ತ್ರೋವ ಪಟ್ಟಣದಲ್ಲಿ ಯೂತಿಖ ಅನ್ನುವ ಹುಡುಗ ತೂಕಡಿಸಿ ಮೂರನೇ ಅಂತಸ್ತಿನ ಕಿಟಕಿಯಿಂದ ಬಿದ್ದ, ನೆನಪಿದೆಯಾ? ಪಾಠ ಕೇಳುತ್ತಾ ಅಲ್ಲ, ಪೌಲನ ಪ್ರಸಂಗ ಕೇಳುತ್ತಾ! ಸಭಾಪಾಲಕರು ಬೇಜಾರು ಮಾಡ್ಕೋಬಾರದು.

ಬೈಬಲನ್ನು ಕನ್ನಡಕ್ಕೆ ತಂದ ಮಿಷನರಿ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದರು. ಕನ್ನಡದಲ್ಲಿ ಇಡೀ ಬೈಬಲ್ ಅಚ್ಚಾಗೋ ಹೊತ್ತಿಗೆ 1831. ಅಷ್ಟು ವರ್ಷ ಬೆವರು ಸುರಿಸಿದ್ದು ವಾಟ್ಸಾಪಿನ ಗುಡ್ ಮಾರ್ನಿಂಗಿಗಾ?

ಆರಾಧನೆ ಉದ್ದವಾಯಿತು ಅನ್ನೋದಾದರೆ ಗಡಿಯಾರ ಇಟ್ಟುಕೊಂಡು ನೋಡಿ. ಸಮಯ ತಿನ್ನೋದು ಪಾಠಗಳಲ್ಲ, ಪ್ರಕಟಣೆಗಳು. ಕಮಿಟಿ ಸಭೆ, ಪಿಕ್ನಿಕ್ಕಿನ ಹಣ, ಕಾಂಪೌಂಡಿಗೆ ಕಾಣಿಕೆ ಕೊಟ್ಟವರ ಪಟ್ಟಿ, ಅದರಲ್ಲಿ ಬಿಟ್ಟುಹೋದ ಹೆಸರು, ಆಮೇಲೆ ಅದಕ್ಕೊಂದು ವಿವರಣೆ. ಬೆಳೆಹಬ್ಬದ ದಿನ ಒಂದು ಕುಂಬಳಕಾಯಿ ಏಲಂ ಕೂಗೋಕೆ ಎಷ್ಟು ಹೊತ್ತು ಬೇಕಾದರೂ ನಿಲ್ಲುತ್ತೇವೆ. ಯೆಶಾಯನ ಒಂದು ಅಧ್ಯಾಯಕ್ಕೆ ಕಾಲು ನೋವು. ಕೀಬೋರ್ಡ್ ಸರಿಹೋಗೋ ತನಕ ಕಾಯೋ ತಾಳ್ಮೆ ನಮಗಿದೆ, ಅಲ್ವಾ?

ನಿಮ್ಮ ಹುಡುಗರ ವಿಷಯ. ಬೈಕ್ ಹತ್ತಿರ ನಿಂತವರಲ್ಲಿ ಒಬ್ಬನಿಗೆ ಶನಿವಾರವೇ ಪಾಠ ಕೊಟ್ಟು ಬನ್ನಿ, ಮನೆಯಲ್ಲಿ ಗಟ್ಟಿಯಾಗಿ ಓದಿ ನೋಡಿಕೊಂಡು ಬರಲಿ. ಮುಂದಿನ ವಾರದ ಹಳೇ ಒಡಂಬಡಿಕೆ ಪಾಠ ನೀವೇ ಓದಿ. ಕನ್ನಡಕ ಮರೀಬೇಡಿ.