ಕಬಡ್ಡಿ ಆಡುವ ಮಗಳು ರಗ್ಬಿ ಆಡಬಹುದಾ?

ಪ್ರಶ್ನೆ: ಮಗಳು ಒಂಬತ್ತನೇ ಕ್ಲಾಸ್, ಶಾಲೆಯ ಕಬಡ್ಡಿ ತಂಡದಲ್ಲಿದ್ದಾಳೆ. ಹೊಸದಾಗಿ ಬಂದ ಪಿ.ಟಿ. ಮೇಷ್ಟ್ರು ಸುಲಿಯದ ತೆಂಗಿನಕಾಯಿಯಂಥ ಚೆಂಡು ತಂದು ರಗ್ಬಿ ಶುರು ಮಾಡಿದ್ದಾರೆ. ಕೈಕಾಲು ಮುರಿದುಕೊಂಡರೆ ಅಂತ ನನಗೆ ಹೆದರಿಕೆ. ನಮ್ಮ ದೇಶದಲ್ಲಿ ಯಾರೂ ಆಡದ ಆಟ. ಮುಂದೆ ಏನಾದರೂ ಉಪಯೋಗ ಇದೆಯಾ?
– ಓದುಗರೊಬ್ಬರು, ಉಡುಪಿ

ಉತ್ತರ: ಆಡಲಿ ಬಿಡಿಯಮ್ಮ. ಮಂಗಳೂರಿನಲ್ಲಿ ಮಕ್ಕಳಿಗೆ ಕಬಡ್ಡಿ ಕಲಿಸಿ ನಿವೃತ್ತನಾದವನು ನಾನು. ಮುರಕಲ್ಲಿನ ಚೂರು ತುಂಬಿದ ಮೈದಾನದಲ್ಲಿ ಮಂಡಿ ತರಚಿಕೊಂಡು ಆಡುವ ಮಕ್ಕಳ ತಾಯಂದಿರು ಯಾರೂ ನನ್ನನ್ನು ಹೀಗೆ ಕೇಳಿದ್ದಿಲ್ಲ. ಹೊಸ ಆಟ ಅಂದರೆ ಮಾತ್ರ ಭಯ, ಅಲ್ವಾ?

ಹಾಗಂತ ನಿಮ್ಮ ಹೆದರಿಕೆ ಸುಮ್ನೆ ಅಂತ ಹೇಳುವುದಿಲ್ಲ. ಒಂದು ಸಂಜೆ ಮೈದಾನಕ್ಕೆ ಹೋಗಿ ನೋಡಿ. ಮಕ್ಕಳಿಗೆ ಮೊದಲು ಬರೀ ಮುಟ್ಟಿ ಔಟ್ ಮಾಡುವ ಟಚ್ ರಗ್ಬಿ ಆಡಿಸುತ್ತಿದ್ದರೆ ಮೇಷ್ಟ್ರಿಗೆ ಕೆಲಸ ಗೊತ್ತು ಎಂದರ್ಥ. ಟ್ಯಾಕಲ್, ಅಂದರೆ ಎದುರಾಳಿಯನ್ನು ಹಿಡಿದು ಬೀಳಿಸುವುದು, ಭುಜಕ್ಕಿಂತ ಕೆಳಗೇ ಇರಬೇಕು. ಕುತ್ತಿಗೆಗೆ ಕೈ ಹಾಕಿದರೆ ತಪ್ಪು. ಹಿಡಿಯುವವಳ ತಲೆ ಎದುರಾಳಿಯ ಮೈಗೆ ಅಡ್ಡ ಬರದೆ ಪಕ್ಕದಲ್ಲಿರಬೇಕು. ಹಲ್ಲಿಗೆ ಮೌತ್ ಗಾರ್ಡ್ ಕೊಡಿಸಿ. ತಲೆಗೆ ಪೆಟ್ಟಾಗಿ ಮಂಕಾದರೆ ಅವತ್ತು ಮತ್ತೆ ಆಡಿಸಲೇಬಾರದು, ಡಾಕ್ಟರಿಗೆ ತೋರಿಸಿ.

ಕಬಡ್ಡಿ ಹುಡುಗಿಯರಿಗೆ ಇಲ್ಲಿ ಅರ್ಧ ಪಾಠ ಮೊದಲೇ ಬಂದಿರುತ್ತದೆ. ರೈಡ್‌ನಲ್ಲಿ ಎಡಕ್ಕೆ ಹೋಗುವಂತೆ ತೋರಿಸಿ ಬಲಕ್ಕೆ ಜಾರುತ್ತಾರಲ್ಲ, ಅದೇ ಹೆಜ್ಜೆ ಇಲ್ಲೂ ಬೇಕು. ಕಷ್ಟ ಇರುವುದು ಬಿಡುವುದರಲ್ಲಿ. ಕಬಡ್ಡಿಯಲ್ಲಿ ಹಿಡಿದರೆ ಬಿಡಬೇಡ ಅಂತ ನಾವೇ ಕಿರುಚಿ ಕಲಿಸಿರುತ್ತೇವೆ. ರಗ್ಬಿಯಲ್ಲಿ ಎದುರಾಳಿಯನ್ನು ನೆಲಕ್ಕೆ ಬೀಳಿಸಿದ ಕೂಡಲೇ ಕೈ ಬಿಡಬೇಕು, ಇಲ್ಲದಿದ್ದರೆ ಪೆನಾಲ್ಟಿ. ಚೆಂಡನ್ನು ಕೈಯಿಂದ ಮುಂದಕ್ಕೆ ಪಾಸ್ ಮಾಡುವಂತಿಲ್ಲ ಅನ್ನುವುದೂ ಅವರ ತಲೆಗೆ ನಿಧಾನಕ್ಕೆ ಹೋಗುತ್ತದೆ ಮಾರಾಯ್ರೆ. ಮಲ್ಪೆಯಲ್ಲಿ ನೀರು ಇಳಿದಾಗ ಮರಳಿನ ಮೇಲೆ ಬೀಳುವುದನ್ನು ಅಭ್ಯಾಸ ಮಾಡಿಸಿದರೆ ಇನ್ನೂ ಒಳ್ಳೆಯದು.

ಇನ್ನು ಯಾರೂ ಆಡದ ಆಟ ಅಂದಿರಿ. 1870ರ ದಶಕದಲ್ಲೇ ಕಲ್ಕತ್ತಾದಲ್ಲಿ ಬ್ರಿಟಿಷರ ರಗ್ಬಿ ಕ್ಲಬ್ ಇತ್ತು. ಅದು ಮುಚ್ಚಿದಾಗ ಉಳಿದ ಬೆಳ್ಳಿ ರೂಪಾಯಿಗಳನ್ನು ಕರಗಿಸಿ ಕಪ್ ಮಾಡಿಸಿದರು. ಹಿಡಿಕೆಗೆ ನಾಗರ ಹಾವು, ಮುಚ್ಚಳದ ಮೇಲೆ ಆನೆ. ಇಂಗ್ಲೆಂಡ್, ಸ್ಕಾಟ್ಲೆಂಡ್ 1879ರಿಂದ ಇವತ್ತಿನವರೆಗೂ ಆ ಕಲ್ಕತ್ತಾ ಕಪ್‌ಗಾಗಿ ಆಡುತ್ತಿವೆ. ಆಟ ಮಾತ್ರ ನಮ್ಮ ಜನರ ಕೈಗೆ ಬಂದದ್ದು ಬಹಳ ತಡವಾಗಿ. ಈಗ ಅದರಲ್ಲಿ ಹೆಣ್ಣುಮಕ್ಕಳೇ ಗಟ್ಟಿಗರು ಅನ್ನುವುದು ನನ್ನ ಲೆಕ್ಕ. 2019ರಲ್ಲಿ ಮನಿಲಾದಲ್ಲಿ ನಮ್ಮ ಮಹಿಳಾ ತಂಡ ಸಿಂಗಾಪುರವನ್ನು 21-19ರಿಂದ ಸೋಲಿಸಿತು. ಹದಿನೈದು ಆಟಗಾರ್ತಿಯರ ಪಂದ್ಯದಲ್ಲಿ ಅದು ಭಾರತದ ಮೊದಲ ಅಂತರರಾಷ್ಟ್ರೀಯ ಗೆಲುವು. ಕೊನೆಗಳಿಗೆಯ ಪೆನಾಲ್ಟಿ ಒದ್ದು ಗೆಲ್ಲಿಸಿದವಳು ಒಡಿಶಾದ ಸುಮಿತ್ರಾ ನಾಯಕ್.

ಏಳು ಜನರ ರಗ್ಬಿ 2016ರಿಂದ ಒಲಿಂಪಿಕ್ಸ್‌ನಲ್ಲಿದೆ. ಆದರೆ ಕೆಲಸ ಸಿಗುತ್ತದೆ ಅಂತ ನಂಬಿ ಕಬಡ್ಡಿ ಬಿಡಿಸಬೇಡಿ. ಎರಡನ್ನೂ ಆಡಲಿ.

ಪ್ರಶ್ನೆ: ಐಪಿಎಲ್ ತರಹ ರಗ್ಬಿ ಲೀಗ್ ಬಂದಿದೆಯಂತೆ. ಬೆಂಗಳೂರು ತಂಡ ಇದೆಯಾ?
– ಪಿಯುಸಿ ವಿದ್ಯಾರ್ಥಿ, ಮಂಗಳೂರು

ಉತ್ತರ: ಇದೆ, ಬೆಂಗಳೂರು ಬ್ರೇವ್‌ಹಾರ್ಟ್ಸ್. 2025ರ ಜೂನ್‌ನಲ್ಲಿ ಆರು ತಂಡಗಳ ರಗ್ಬಿ ಪ್ರೀಮಿಯರ್ ಲೀಗ್ ಮುಂಬೈಯ ಅಂಧೇರಿಯಲ್ಲಿ ನಡೆಯಿತು. ಗೆದ್ದದ್ದು ಮಾತ್ರ ಚೆನ್ನೈ!