ಹೈಸ್ಕೂಲ್ ಮಕ್ಕಳಿಗೆ ಜೆನೆಟಿಕ್ ಎಂಜಿನಿಯರಿಂಗ್ ಅನ್ನು ಹೇಗೆ ಪರಿಚಯಿಸುವುದು?

ಇನ್ಸುಲಿನ್‌ನಿಂದ ಶುರು ಮಾಡಿ. ಸಕ್ಕರೆ ಕಾಯಿಲೆ ಇರುವವರನ್ನು ಮಕ್ಕಳು ಮನೆಯಲ್ಲೇ ನೋಡಿರುತ್ತಾರೆ, ಅಲ್ವಾ? ಅವರಿಗೆ ಬೇಕಾದ ಇನ್ಸುಲಿನ್ ಅನ್ನು ಮೊದಲು ಹಂದಿ, ದನಗಳ ಮೇದೋಜೀರಕ ಗ್ರಂಥಿಯಿಂದ ತೆಗೆಯುತ್ತಿದ್ದರು. 1978ರಲ್ಲಿ ಅಮೆರಿಕದ ವಿಜ್ಞಾನಿಗಳು ಮನುಷ್ಯರ ಇನ್ಸುಲಿನ್ ಜೀನ್ ಅನ್ನು ಇ. ಕೋಲಿ ಬ್ಯಾಕ್ಟೀರಿಯಾಕ್ಕೆ ಸೇರಿಸಿ, ಅದರಿಂದಲೇ ಇನ್ಸುಲಿನ್ ಮಾಡಿಸಿದರು. 1982ರಲ್ಲಿ ಔಷಧಿಯಾಗಿ ಒಪ್ಪಿಗೆ ಸಿಕ್ಕಿತು.

ಆಮೇಲೆ, ಜೀನ್ ಸೇರಿಸುವುದು ಹೇಗೆಂದು ತೋರಿಸಲು ಮಕ್ಕಳ ಕೈಗೆ ಕತ್ತರಿ ಕೊಡಿ. ಕಾಗದದ ಪಟ್ಟಿಯ ಮೇಲೆ ಡಿಎನ್‌ಎ ಅಕ್ಷರಗಳನ್ನು ಎರಡು ಸಾಲಾಗಿ ಬರೆಸಿ, ಬಳೆಯ ಹಾಗೆ ಅಂಟಿಸಿ. ಅದು ಪ್ಲಾಸ್ಮಿಡ್, ಅಂದರೆ ಬ್ಯಾಕ್ಟೀರಿಯಾದೊಳಗಿನ ಬಳೆಯಾಕಾರದ ಪುಟ್ಟ ಡಿಎನ್‌ಎ. ಇಕೋಆರ್‌1 ಎಂಬ ಕಿಣ್ವ ‘ಜಿಎಎಟಿಟಿಸಿ’ ಕಂಡಲ್ಲಿ ಮಾತ್ರ, ಜಿ ಮತ್ತು ಎ ನಡುವೆ ಕತ್ತರಿಸುತ್ತದೆ. ಎದುರು ಸಾಲನ್ನು ಹಿಂದಿನಿಂದ ಓದಿದರೂ ಅದೇ ಅಕ್ಷರಗಳು! ಹಾಗಾಗಿ ಆ ಸಾಲೂ ಅದರ ಜಿ ಮತ್ತು ಎ ನಡುವೆ, ಅಂದರೆ ಸ್ವಲ್ಪ ಆಚೆ ಕತ್ತರಿಸಿ, ತುದಿಗಳು ಮೆಟ್ಟಿಲಿನಂತೆ ಉಳಿಯುತ್ತವೆ. ಅದೇ ಕಿಣ್ವ ಕತ್ತರಿಸಿದ ಬೇರೆ ತುಂಡು ಅಲ್ಲಿ ಸರಿಯಾಗಿ ಕೂರುತ್ತದೆ. ಇಲ್ಲಿ ಮಾತ್ರ ಅವಸರ ಬೇಡ, ಜಾಸ್ತಿ ಹೊತ್ತು ಕೊಡಿ. ಬೆಸೆಯುವ ಕೆಲಸ ಲೈಗೇಸ್ ಕಿಣ್ವದ್ದು. ತರಗತಿಯಲ್ಲಿ ಟೇಪ್ ಸಾಕು.