ಹಳೆಯ ಸ್ವಿಫ್ಟ್ ಪೆಟ್ರೋಲ್ ಕಾರಿಗೆ ಕೋಲ್ಡ್ ಏರ್ ಇನ್‌ಟೇಕ್ ಹಾಕಿಸಿದರೆ ಪಿಕಪ್ ಹೆಚ್ಚುತ್ತದೆಯೇ?

2008ರ ಸ್ವಿಫ್ಟ್ 1.3 ಪೆಟ್ರೋಲಿನ ಇನ್‌ಟೇಕಿಗೆ, ಅಂದರೆ ಎಂಜಿನ್ ಗಾಳಿ ಎಳೆಯುವ ದಾರಿಗೆ, ಬಾನೆಟ್ ಒಳಗೇ ಕೋನ್ ಫಿಲ್ಟರ್ (ಪೆಟ್ಟಿಗೆಯಿಲ್ಲದ, ಶಂಕುವಿನಾಕಾರದ ಏರ್ ಫಿಲ್ಟರ್) ಕೂರಿಸುವುದೋ, ಪೈಪನ್ನು ಬಂಪರ್ ಹಿಂದಕ್ಕೆ ಇಳಿಸಿ ತಂಪು ಗಾಳಿ ಎಳೆಸುವುದೋ ಎಂದು ಕೇಳಿದ್ದೀರಿ. ಎರಡೂ ಬೇಡ. ಇದೇ ಕಾರಿನಲ್ಲಿ, ಇದೇ ಎಂಜಿನ್ನಿಗೆ ಎರಡನ್ನೂ ಮಾಡಿಸಿದವನು ನಾನು. ಎರಡನೆಯದು ನನ್ನ ಎಂಜಿನ್ನನ್ನೇ ಬಲಿ ತೆಗೆದುಕೊಂಡಿತು.

ನನ್ನದು ಸೆಕೆಂಡ್ ಹ್ಯಾಂಡ್ ಕಾರು. 2010ರಲ್ಲಿ 1.2 ಲೀಟರ್ ಎಂಜಿನ್ ಬರುವುದಕ್ಕೆ ಮುಂಚಿನದು, ಕಾಗದದ ಮೇಲೆ 87 ಅಶ್ವಶಕ್ತಿ. ಎಂಜಿನ್ ಆರೋಗ್ಯವಾಗಿತ್ತು, ಆದರೂ ಬೆಂಗಳೂರಿನ ನೈಸ್ ರಸ್ತೆಯಲ್ಲಿ ಲಾರಿ ಹಿಂದಿಕ್ಕುವಾಗ ಇನ್ನಷ್ಟು ಜೋರು ಬೇಕು ಎನಿಸುತ್ತಿತ್ತು. ಜೆ.ಸಿ. ರಸ್ತೆಯ ಒಂದು ಅಂಗಡಿಯಲ್ಲಿ ಕಂಪನಿ ಕೊಟ್ಟ ಫಿಲ್ಟರ್ ಪೆಟ್ಟಿಗೆ ಬಿಚ್ಚಿಸಿ, ಕೋನ್ ಫಿಲ್ಟರ್ ಹಾಕಿಸಿದೆ. ಅಲ್ಲಿಂದ ಹೊರಬಂದು ಎರಡನೇ ಗೇರಿನಲ್ಲಿ ಪೆಡಲ್ ಒತ್ತಿದಾಗ ಬಂದ ಆ ಗುಡುಗು ಇಂದಿಗೂ ಕಿವಿಯಲ್ಲಿದೆ. ಕಾರು ಹಾರುತ್ತಿದೆ ಎಂದೇ ನಂಬಿದ್ದೆ. ಆದರೆ ಅದು ಶಬ್ದ ಮಾತ್ರ. ಕಂಪನಿಯ ಪೆಟ್ಟಿಗೆಯಲ್ಲಿ ಗಾಳಿ ಎಳೆಯುವ ಸದ್ದನ್ನು ನುಂಗಲೆಂದೇ ಮಾಡಿದ ಟೊಳ್ಳು ಜಾಗಗಳಿರುತ್ತವೆ. ಅವನ್ನು ತೆಗೆದರೆ ಕಾರು ವೇಗವಾಗುವುದಿಲ್ಲ, ಕೇಳಿಸುತ್ತದೆ ಅಷ್ಟೆ.

ಲೆಕ್ಕ ಹಾಕಿ ನೋಡಿ. 1298 ಸಿಸಿ ಎಂಜಿನ್ ಎರಡು ಸುತ್ತಿಗೊಮ್ಮೆ ತನ್ನ ಗಾತ್ರದಷ್ಟು ಗಾಳಿ ಎಳೆಯುತ್ತದೆ. 6000 ಆರ್‌ಪಿಎಂನಲ್ಲಿ ಅದು ನಿಮಿಷಕ್ಕೆ ಹೆಚ್ಚೆಂದರೆ 3900 ಲೀಟರ್. ಶುಭ್ರವಾಗಿರುವ ಕಾಗದದ ಫಿಲ್ಟರ್ ಅಷ್ಟನ್ನು ಸಲೀಸಾಗಿ ಬಿಡುವಂತೆ ಕಂಪನಿಯವರು ಅಳತೆ ಮಾಡಿಯೇ ಕೊಟ್ಟಿರುತ್ತಾರೆ. ಊರೊಳಗೆ ಪೆಡಲನ್ನು ಅರ್ಧ ಒತ್ತಿ ಓಡಿಸುವಾಗ ಗಾಳಿಗೆ ಅಡ್ಡ ನಿಂತಿರುವುದು ಫಿಲ್ಟರ್ ಅಲ್ಲ, ಅರ್ಧ ಮುಚ್ಚಿರುವ ಥ್ರಾಟಲ್ ಕವಾಟ. ಗಾಳಿ ಆ ಕವಾಟಕ್ಕೆ ಬಂದು ತಲುಪುವ ದಾರಿಯನ್ನು ಎಷ್ಟು ಅಗಲ ಮಾಡಿದರೂ ಒಳಗೆ ಹೋಗುವ ಗಾಳಿ ಅಷ್ಟೇ.

ಕೋನ್ ಫಿಲ್ಟರಿನಿಂದ ಇನ್ನೊಂದು ಕೇಡಾಯಿತು. ಸಿಗ್ನಲ್‌ನಲ್ಲಿ ನಿಂತಾಗ ಅದು ಎಳೆಯುವುದು ಎಕ್ಸಾಸ್ಟ್ ಮತ್ತು ರೇಡಿಯೇಟರ್ ಕಾಯಿಸಿದ ಗಾಳಿಯನ್ನು. ಗಾಳಿ 10 ಡಿಗ್ರಿ ಬಿಸಿಯಾದರೆ ಸುಮಾರು ಶೇ. 3ರಷ್ಟು ತೆಳುವಾಗುತ್ತದೆ. ಸಂಜೆಯ ಟ್ರಾಫಿಕ್ಕಿನಲ್ಲಿ ಕಾರು ಮೊದಲಿಗಿಂತ ಮಂಕಾಯಿತು. ಆಗಲೇ ಫಿಲ್ಟರ್ ತೆಗೆಸಿ ಹಳೆಯ ಪೆಟ್ಟಿಗೆ ಕೂರಿಸಬೇಕಿತ್ತು. ಬದಲಿಗೆ, ತಂಪು ಗಾಳಿ ಸಿಗಲೆಂದು ಉದ್ದ ಅಲ್ಯೂಮಿನಿಯಂ ಪೈಪು ಹಾಕಿಸಿ, ಫಿಲ್ಟರನ್ನು ಎಡಗಡೆಯ ಫಾಗ್ ಲ್ಯಾಂಪ್ ಹಿಂದಿನ ಟೊಳ್ಳಿಗೆ ಇಳಿಸಿದೆ. ನೆಲದಿಂದ ಅದರ ಎತ್ತರ ನನ್ನ ಮೊಣಕಾಲಿಗಿಂತ ಕಡಿಮೆ.

ಬೆಂಗಳೂರಿನ ಮೇ ತಿಂಗಳ ಮಳೆ ನಿಮಗೆ ಗೊತ್ತೇ ಇದೆ. ಒಂದು ಸಂಜೆ ರೈಲ್ವೆ ಅಂಡರ್‌ಪಾಸಿನಲ್ಲಿ ಅರ್ಧ ಚಕ್ರದಷ್ಟು ನೀರು ನಿಂತಿತ್ತು. ಮುಂದೆ ಹೋಗುತ್ತಿದ್ದದ್ದೂ ನನ್ನದೇ ಮಾದರಿಯ ಸ್ವಿಫ್ಟ್, ಅದು ಆರಾಮವಾಗಿ ದಾಟಿತು. ನಾನೂ ಮೊದಲ ಗೇರಿನಲ್ಲಿ ನಿಧಾನವಾಗಿಯೇ ಇಳಿದೆ. ಎದುರಿನಿಂದ ಬಂದ ಬಸ್ಸು ಎಬ್ಬಿಸಿದ ಅಲೆ ಬಂಪರಿಗೆ ಬಡಿಯಿತು, ಎಂಜಿನ್ ಕೆಮ್ಮಿ ನಿಂತಿತು. ಇಲ್ಲಿಯವರೆಗೆ ಆದದ್ದು ಸರಿಪಡಿಸಬಹುದಾದ ತೊಂದರೆ. ಕಾರು ನಿಧಾನವಾಗಿದ್ದುದರಿಂದ ಎಂಜಿನ್ನಿನ ವೇಗವೂ ಕಡಿಮೆಯಿತ್ತು. ಒಳಗೆ ನೀರು ಹೋಗಿತ್ತು, ಆದರೆ ಇನ್ನೂ ಏನೂ ಮುರಿದಿರಲಿಲ್ಲ ಎಂಬುದು ನನ್ನ ಖಚಿತ ನಂಬಿಕೆ.

ಮುರಿದದ್ದು ನಾನು ಮತ್ತೆ ಕೀ ತಿರುಗಿಸಿದಾಗ.

ಏಕೆ ತಿರುಗಿಸಿದೆ ಎಂಬುದನ್ನು ಬಿಡಿಸಿ ಹೇಳಬೇಕು, ಏಕೆಂದರೆ ನೀವೂ ಅದನ್ನೇ ಮಾಡುತ್ತೀರಿ. ನಾನು ಡ್ರೈವಿಂಗ್ ಕಲಿತದ್ದು ಅಪ್ಪನ ಕಾರ್ಬ್ಯುರೇಟರ್ ಮಾರುತಿ 800ರಲ್ಲಿ. ಮಳೆಯಲ್ಲಿ ಅದು ನಿಂತರೆ ಅಪ್ಪ ಬಾನೆಟ್ ಎತ್ತಿ, ಪ್ಲಗ್‌ಗಳಿಗೆ ವಿದ್ಯುತ್ ಹಂಚುವ ಡಿಸ್ಟ್ರಿಬ್ಯೂಟರಿನ ಮುಚ್ಚಳ ಬಿಚ್ಚಿ, ಒಣಬಟ್ಟೆಯಲ್ಲಿ ಒರೆಸಿ, ಮತ್ತೆ ಸ್ಟಾರ್ಟ್ ಮಾಡುತ್ತಿದ್ದರು. ಒಮ್ಮೆಗೆ ಆಗದಿದ್ದರೆ ಇನ್ನೊಮ್ಮೆ. ನೀರಿನಲ್ಲಿ ನಿಂತ ಕಾರು ಎಂದರೆ ಕಿಡಿ ಹಾರದ ಕಾರು ಎಂಬುದು ನನ್ನ ತಲೆಯಲ್ಲಿ ಹಾಗೆ ಕೂತುಬಿಟ್ಟಿತ್ತು. ನನ್ನ ಸ್ವಿಫ್ಟಿನಲ್ಲಿ ತೊಂದರೆ ಕಿಡಿಯದ್ದಲ್ಲ. ಸಿಲಿಂಡರಿನೊಳಗೆ ನೀರಿತ್ತು.

ಮೊದಲ ಸಲ ಕೀ ತಿರುಗಿಸಿದಾಗ ಸ್ಟಾರ್ಟರ್ ಒಮ್ಮೆ ‘ಟಕ್’ ಎಂದು ಅಲ್ಲೇ ನಿಂತಿತು. ಎಂಜಿನ್ ಒಂದು ಸುತ್ತೂ ತಿರುಗಲಿಲ್ಲ. ಬ್ಯಾಟರಿ ಇಳಿದಿದೆ ಎಂದುಕೊಂಡೆ. ಡ್ಯಾಶ್‌ಬೋರ್ಡಿನ ದೀಪಗಳು ಮಂಕಾಗದೆ ಉರಿಯುತ್ತಿದ್ದವು, ಅದನ್ನು ನೋಡಿಯೂ ಅರ್ಥ ಮಾಡಿಕೊಳ್ಳಲಿಲ್ಲ. ಆ ‘ಟಕ್’ ಎಂದರೆ ಮೇಲೇರುತ್ತಿದ್ದ ಪಿಸ್ಟನ್ ನೀರಿಗೆ ಹೊಡೆದು ನಿಂತಿತೆಂದು. ಈ ಎಂಜಿನ್ನಿನ ಒಂದು ಸಿಲಿಂಡರ್ ಸುಮಾರು 325 ಸಿಸಿ. ಪಿಸ್ಟನ್ ತುತ್ತತುದಿಗೆ ಬಂದಾಗ ಅದರ ಮೇಲೆ ಉಳಿಯುವ ಜಾಗ 40 ಸಿಸಿ ಆಸುಪಾಸು, ದರ್ಶಿನಿಯಲ್ಲಿ ಕೊಡುವ ಪುಟ್ಟ ಲೋಟದ ಅರ್ಧ ಕಾಫಿಯಷ್ಟು. ಗಾಳಿ ಅಷ್ಟರೊಳಗೆ ಅದುಮಿಕೊಳ್ಳುತ್ತದೆ, ನೀರು ಅದುಮಿಕೊಳ್ಳುವುದಿಲ್ಲ. ಅದಕ್ಕಿಂತ ಒಂದಿಷ್ಟು ಹೆಚ್ಚು ನೀರು ಇದ್ದರೂ ಪಿಸ್ಟನ್ನಿಗೆ ಮೇಲೇರಲು ದಾರಿಯಿಲ್ಲ. ಹಿಂದಿನಿಂದ ತಳ್ಳುವ ಬಲ ಸಾಲದಿದ್ದರೆ ಎಂಜಿನ್ ನಿಲ್ಲುತ್ತದೆ, ಬಲ ಹೆಚ್ಚಿದ್ದರೆ ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಮೊದಲ ಸಲ ನಿಂತಿತು. ನಾನು ಬಿಡದೆ ತಿರುಗಿಸುತ್ತಲೇ ಇದ್ದೆ. ನೀರು ಪಿಸ್ಟನ್ ಸುತ್ತಲಿನ ರಿಂಗುಗಳ ಸಂದಿನಲ್ಲಿ ಅಷ್ಟಿಷ್ಟು ಜಾರಿರಬೇಕು. ಬೇರೊಂದು ಸಿಲಿಂಡರಿನಲ್ಲಿ ಕಿಡಿ ಹತ್ತಿತು, ಎಂಜಿನ್ ಅದರ ಬಲದಿಂದ ಒಮ್ಮೆ ಎದ್ದಿತು. ಸುತ್ತಿಗೆಯಿಂದ ಹೊಡೆದಂಥ ಸದ್ದು ಎರಡು ಮೂರು ಬಾರಿ ಬಂದು ಎಲ್ಲವೂ ನಿಂತಿತು.

ಎಂಜಿನ್ನಿನ ಮೇಲ್ಭಾಗವಾದ ಹೆಡ್ ಬಿಚ್ಚಿದ ದಿನ ನಾನು ಗ್ಯಾರೇಜಿನಲ್ಲೇ ಇದ್ದೆ. ಮೆಕ್ಯಾನಿಕ್ ಕ್ರ್ಯಾಂಕ್ ತಿರುಗಿಸಿ ಒಂದೊಂದೇ ಪಿಸ್ಟನ್ನನ್ನು ಮೇಲಕ್ಕೆ ತಂದು ತೋರಿಸಿದರು. ಮೂರು ಪಿಸ್ಟನ್‌ಗಳು ಒಂದೇ ಮಟ್ಟಕ್ಕೆ ಬಂದವು, ಒಂದು ತಗ್ಗಿನಲ್ಲೇ ನಿಂತಿತು. ಅಂಚಿಗೆ ಉಗುರು ಇಟ್ಟರೆ ತಡೆಯುವಷ್ಟು ವ್ಯತ್ಯಾಸ. ರಾಡ್ ಬಾಗಿ ಗಿಡ್ಡವಾಗಿತ್ತು. ಡಿಪ್‌ಸ್ಟಿಕ್ ಎಳೆದರೆ ಆಯಿಲ್ ನೀರು ಬೆರೆತು ಬೆಳ್ಳಗಾಗಿತ್ತು. ವಿಮೆಯವರು ಹಣ ಕೊಡಲಿಲ್ಲ. ಸಾಮಾನ್ಯ ಪಾಲಿಸಿಯಲ್ಲಿ ಇಂಥದ್ದನ್ನು ಅಪಘಾತದ ನಂತರದ ಪರಿಣಾಮವೆಂದು ಹೊರಗಿಡುತ್ತಾರೆ. ಎಂಜಿನ್ ರಕ್ಷಣೆಯ ಹೆಚ್ಚುವರಿ ಕವರ್ ನಾನು ತೆಗೆದುಕೊಂಡಿರಲಿಲ್ಲ, ಪೈಪು ಬದಲಿಸಿದ್ದನ್ನೂ ತಿಳಿಸಿರಲಿಲ್ಲ. ರಿಪೇರಿಗೆ ಹೋದದ್ದು ಕಾರಿನ ಅರ್ಧ ಬೆಲೆ.

ನೀರಿನಲ್ಲಿ ಕಾರು ನಿಂತರೆ, ಇನ್‌ಟೇಕ್ ಯಾವುದೇ ಇರಲಿ, ಕೀ ಮುಟ್ಟಬೇಡಿ. ಇಳಿದು ನೀರಿನಿಂದ ಆಚೆಗೆ ತಳ್ಳಿ. ಏರ್ ಪೈಪ್ ಬಿಚ್ಚಿ ಒಳಗೆ ಒದ್ದೆಯಿದೆಯೇ ನೋಡಿ. ಒದ್ದೆಯಿದ್ದರೆ ಕಾರನ್ನು ಎಳೆಸಿಕೊಂಡು ಹೋಗಿ, ನಾಲ್ಕೂ ಸ್ಪಾರ್ಕ್ ಪ್ಲಗ್ ತೆಗೆಸಿ, ಪ್ಲಗ್ ಇಲ್ಲದೆ ಎಂಜಿನ್ ತಿರುಗಿಸಿ ನೀರು ಹೊರಹಾಕಿಸಿ, ಆಯಿಲ್ ಬದಲಿಸಿ. ನನಗೆ ಅಷ್ಟರಲ್ಲೇ ಮುಗಿಯುತ್ತಿತ್ತು.

ಇನ್ನು ನಿಮ್ಮ ಪಿಕಪ್ ವಿಚಾರ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ, ಇಲ್ಲಿನ ಗಾಳಿ ಕರಾವಳಿಯ ಗಾಳಿಗಿಂತ ಶೇ. 8–10ರಷ್ಟು ತೆಳು. ಶಿರಾಡಿ ಘಾಟಿ ಇಳಿದು ಮಂಗಳೂರು ಸೇರಿದಾಗ ಕಾರು ಹಗುರಾದಂತೆ ಅನಿಸಿದರೆ ಅದು ಭ್ರಮೆಯಲ್ಲ. ಟರ್ಬೊ ಇಲ್ಲದ ಎಂಜಿನ್ನಿಗೆ ಜೆ.ಸಿ. ರಸ್ತೆಯ ಯಾವ ಪೈಪೂ ಅಷ್ಟು ಕೊಡಲಾರದು. ನಿಮ್ಮ ಕಾರು ‘ಮೊದಲಿನಂತೆ ಎಳೆಯುತ್ತಿಲ್ಲ’ ಎಂದೂ ಬರೆದಿದ್ದೀರಿ. ಹಾಗಾದರೆ ಕಾರಿಗೆ ಹೊಸದೇನನ್ನೂ ಸೇರಿಸುವ ಪ್ರಶ್ನೆಯೇ ಇಲ್ಲ, ಕಳೆದುಹೋದದ್ದನ್ನು ಹುಡುಕಬೇಕು. ಕಂಪನಿಯ ಪೆಟ್ಟಿಗೆಗೆ ಹೊಸ ಕಾಗದದ ಫಿಲ್ಟರ್ ಹಾಕಿ. ನಮ್ಮ ರಸ್ತೆಗಳ ಧೂಳಿಗೆ ಅದೇ ಸರಿ, ಎಣ್ಣೆ ಹಚ್ಚುವ ಹತ್ತಿ ಫಿಲ್ಟರ್ ಸಣ್ಣ ಧೂಳನ್ನು ಅಷ್ಟು ಚೆನ್ನಾಗಿ ಹಿಡಿಯುವುದಿಲ್ಲ. ಥ್ರಾಟಲ್ ಬಾಡಿ ಸ್ವಚ್ಛ ಮಾಡಿಸಿ, ಪ್ಲಗ್ ಬದಲಿಸಿ. ಮೇಲಿನ ಗೇರಿನಲ್ಲಿ ಏರು ಹತ್ತುವಾಗ ಆರ್‌ಪಿಎಂ ಏರಿ ವೇಗ ಏರದಿದ್ದರೆ ಕ್ಲಚ್ ಸವೆದಿದೆ. ಬ್ರೇಕ್ ಕಚ್ಚಿಕೊಂಡಿದ್ದರೂ ಕಾರು ಹೀಗೇ ಸೋಲುತ್ತದೆ, ಸ್ವಲ್ಪ ಓಡಿಸಿ ಬಂದು ಚಕ್ರಗಳ ಹತ್ತಿರ ಕೈ ಹಿಡಿದರೆ ಬಿಸಿಯಲ್ಲೇ ಗೊತ್ತಾಗುತ್ತದೆ.

ಇಷ್ಟಾದ ಮೇಲೂ ಮಂಕಿದ್ದರೆ ಪ್ರತಿ ಸಿಲಿಂಡರಿನ ಒತ್ತಡ ಅಳೆಯುವ ಕಂಪ್ರೆಶನ್ ಪರೀಕ್ಷೆ ಮಾಡಿಸಿ. ಯಾವುದಾದರೂ ಒಂದು ಸಿಲಿಂಡರಿನ ಅಂಕಿ ಉಳಿದವಕ್ಕಿಂತ ಬಹಳ ಕಡಿಮೆ ಬಂದರೆ, ಪ್ಲಗ್ ರಂಧ್ರದಿಂದ ಸ್ವಲ್ಪ ಎಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆಯಲು ಹೇಳಿ. ಅಂಕಿ ಏರಿದರೆ ರಿಂಗ್ ಸವೆದಿದೆ, ಏರದಿದ್ದರೆ ವಾಲ್ವ್ ಕಡೆ ನೋಡಿಸಬೇಕು. ನಾಲ್ಕೂ ಅಂಕಿಗಳನ್ನು ಇಲ್ಲಿ ಬರೆಯಿರಿ, ಮುಂದೆ ಏನು ಮಾಡಿಸಬೇಕೆಂದು ನೋಡೋಣ. ಇನ್‌ಟೇಕಿಗೆ ಎತ್ತಿಟ್ಟ ಹಣವನ್ನು ಅಲ್ಲಿಯವರೆಗೆ ಖರ್ಚು ಮಾಡಬೇಡಿ.